ಹೊಟ್ಟೆ ಹೇಳಿದ ಮಾತು ಕೇಳದಿದ್ದಾಗ

ಮೊದಲೇ ಹೇಳಿಬಿಡುತ್ತೇನೆ, ಈ ವಾರದ ಅಂಕಣವನ್ನು ತಿಂಡಿ ತಟ್ಟೆ ಮುಂದಿಟ್ಟುಕೊಂಡು ಓದಬೇಡಿ. ತಿಂಡಿ ಮುಗಿಸಿ, ಕೈ ತೊಳೆದುಕೊಂಡು ಬನ್ನಿ. ಅಜ್ಜ ಓದಲಿ, ಮೊಮ್ಮಗ ಕೇಳಲಿ. ಅಜ್ಜನ ಕನ್ನಡಕ ಸಿಗದಿದ್ದರೆ ಮೊಮ್ಮಗಳು ಓದಲಿ, ಅಜ್ಜ ಕೇಳಲಿ. ಇವತ್ತಿನ ಮಾತು ಹೊಟ್ಟೆಯದು. ಇನ್ನೂ ಬಿಡಿಸಿ ಹೇಳಬೇಕೆಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಕಕ್ಕಸಿಗೆ ಓಡಿಸುವ ಹೊಟ್ಟೆಯದು.

1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕರೊಬ್ಬರು ಸಾಹಿಬ್‌ಗಂಜ್‌ನ ರೈಲ್ವೆ ಕಚೇರಿಗೆ ಒಂದು ಪತ್ರ ಬರೆದರು. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿಕೊಂಡು ರೈಲು ಹತ್ತಿದ್ದರು. ಅವರಿದ್ದ ಡಬ್ಬಿಯಲ್ಲಿ ಕಕ್ಕಸು ಇರಲಿಲ್ಲ. ಅಹಮದ್‌ಪುರ ಸ್ಟೇಷನ್ನಿನಲ್ಲಿ ಇಳಿದು ಕೂತಿದ್ದಾರೆ, ಅಷ್ಟರಲ್ಲಿ ಗಾರ್ಡು ಸೀಟಿ ಊದಿದ. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಓಡಿದವರು ಪ್ಲಾಟ್‌ಫಾರ್ಮಿನ ಮೇಲೆ ಗಂಡಸರು ಹೆಂಗಸರೆನ್ನದೆ ಎಲ್ಲರ ಎದುರು ಬಿದ್ದರು. ರೈಲು ಹೋಗಿಯೇಬಿಟ್ಟಿತು. ಐದು ನಿಮಿಷ ಕಾಯದ ಗಾರ್ಡಿಗೆ ದಂಡ ಹಾಕಿ, ಇಲ್ಲದಿದ್ದರೆ ಪೇಪರಿನವರಿಗೆ ಹೇಳುತ್ತೇನೆ ಎಂದು ಅವರು ಸಿಟ್ಟಿನಲ್ಲಿ ಬರೆದರು. ರೈಲಿನ ಸಾಮಾನ್ಯ ಡಬ್ಬಿಗಳಿಗೂ ಕಕ್ಕಸು ಬಂದದ್ದಕ್ಕೆ ಈ ಪತ್ರವೇ ಕಾರಣ ಎಂಬ ಮಾತಿದೆ. ದೆಹಲಿಯ ರೈಲ್ವೆ ಮ್ಯೂಸಿಯಂನಲ್ಲಿ ಅದನ್ನು ಪ್ರದರ್ಶನಕ್ಕೂ ಇಟ್ಟಿದ್ದರು.

ಓದಿದವರೆಲ್ಲ ನಗುತ್ತಾರೆ. ನಗು ಬರುವಂತೆಯೇ ಇದೆ. ಸೇನ್ ಅವರದು ಹಲಸಿನ ಹಣ್ಣು ತಿಂದ ಒಂದು ದಿನದ ಪಾಡು. ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ, ವರ್ಷಗಟ್ಟಲೆ ಪ್ರತಿ ಬೆಳಿಗ್ಗೆಯೂ ಅಹಮದ್‌ಪುರ ಸ್ಟೇಷನ್ನೇ. ಸೇನ್ ಅವರಿಗೆ ಇದ್ದ ಒಂದು ಧೈರ್ಯ ಇವರಲ್ಲಿ ಬಹಳ ಜನಕ್ಕೆ ಇರುವುದಿಲ್ಲ. ಅವರು ಬಾಯಿಬಿಟ್ಟು ಹೇಳಿದರು. ಇವರು ಹೇಳುವುದಿಲ್ಲ.

ಹೇಳುವುದಿಲ್ಲ ಎಂದರೆ ಸುಮ್ಮನಿರುತ್ತಾರೆ ಎಂದಲ್ಲ, ಬೇರೆ ಏನಾದರೂ ಹೇಳುತ್ತಾರೆ. ‘ನನಗೆ ಮಂಡಿ ನೋವು ಕಣಮ್ಮಾ, ಮದುವೆಗೆ ನೀವೆಲ್ಲ ಹೋಗಿಬನ್ನಿ’ ಎನ್ನುತ್ತಾರೆ ಅಜ್ಜಿ. ಮಂಡಿ ನೋವು ಇರುವುದೂ ನಿಜ. ಆದರೆ ಮನಸ್ಸಿನಲ್ಲಿರುವುದು ಛತ್ರದಲ್ಲಿ ಕಕ್ಕಸು ಎಲ್ಲಿದೆಯೋ, ಬಾಗಿಲ ಮುಂದೆ ಎಷ್ಟು ಜನ ನಿಂತಿರುತ್ತಾರೋ ಎಂಬ ಚಿಂತೆ. ಐದನೇ ಕ್ಲಾಸಿನ ಹುಡುಗ ‘ಶಾಲೆಯ ಪ್ರವಾಸ ಬೋರು, ನಾನು ಬರಲ್ಲ’ ಎನ್ನುತ್ತಾನೆ. ಹಿಂದಿನ ವಾರ ತಾನೇ ಆ ಪ್ರವಾಸಕ್ಕಾಗಿ ಕುಣಿಯುತ್ತಿದ್ದವನು! ತಾತ ಬೆಳಗಿನ ವಾಕಿಂಗ್ ಬಿಡುತ್ತಾರೆ. ಮಗಳು ಟಿಫಿನ್ ಡಬ್ಬಿಯನ್ನು ಹಾಗೆಯೇ ವಾಪಸ್ಸು ತರುತ್ತಾಳೆ, ತಿಂದರೆ ಓಡಬೇಕಾಗುತ್ತದೆ ಎಂದು. ಒಂದೇ ಮನೆಯಲ್ಲಿ ಅಜ್ಜಿಗೂ ಮೊಮ್ಮಗನಿಗೂ ಒಂದೇ ತೊಂದರೆ ಇದ್ದು, ಇಬ್ಬರಿಗೂ ಮತ್ತೊಬ್ಬರದು ಗೊತ್ತಿಲ್ಲದೆ ಇರುವುದೂ ಉಂಟು.

ಡಾಕ್ಟರು ಇದನ್ನು ಐಬಿಎಸ್ ಎನ್ನುತ್ತಾರೆ, ಪೂರ್ತಿ ಹೆಸರು ಇರಿಟಬಲ್ ಬವೆಲ್ ಸಿಂಡ್ರೋಮ್. ನಾವು ‘ಮುಂಗೋಪಿ ಕರುಳು’ ಎಂದಿಟ್ಟುಕೊಳ್ಳೋಣ. ಕೆಲವರಿಗೆ ಇದು ಮಲಬದ್ಧತೆಯಾಗಿ ಕಾಣುತ್ತದೆ, ಕೆಲವರಿಗೆ ಬೇಧಿಯಾಗಿ, ಇನ್ನು ಕೆಲವರಿಗೆ ಈ ವಾರ ಅದು, ಮುಂದಿನ ವಾರ ಇದು. ಇವತ್ತು ನಾನು ಬೇಧಿಯ ಕಡೆಗೇ ಹೆಚ್ಚು ಗಮನ ಕೊಡುತ್ತೇನೆ.

ಮಕ್ಕಳೇ, ನಿಮ್ಮ ಹೊಟ್ಟೆಯೊಳಗೆ ಏನಿದೆ ಎಂದು ಒಂದು ಸಲ ನೋಡಿ. ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರು ಉದ್ದ. ನಿಮ್ಮ ಕ್ಲಾಸ್‌ರೂಮಿನ ಒಂದು ಗೋಡೆಯಷ್ಟು ಉದ್ದ ಅಂದುಕೊಳ್ಳಿ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು. ಉದ್ದ ಕಡಿಮೆ, ಅಗಲ ಹೆಚ್ಚು, ಅದಕ್ಕೇ ಅದು ‘ದೊಡ್ಡದು’. ತಿಂದದ್ದು ತಾನಾಗಿಯೇ ಜಾರಿಕೊಂಡು ಹೋಗುವುದಿಲ್ಲ. ಕರುಳಿನ ಗೋಡೆ ಹಿಂದಿನಿಂದ ಹಿಂಡುತ್ತಾ, ಮುಂದಕ್ಕೆ ಸಡಿಲಬಿಡುತ್ತಾ ಅದನ್ನು ತಳ್ಳಿಕೊಂಡು ಹೋಗುತ್ತದೆ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರಿಕೊಳ್ಳುವುದು. ಅಲ್ಲಿ ನಿಧಾನವಾಗಿ ಸಾಗಿದರೆ ನೀರೆಲ್ಲ ಹೋಗಿ ಗಟ್ಟಿಯಾಗುತ್ತದೆ, ಅವಸರದಿಂದ ಸಾಗಿದರೆ ನೀರು ಉಳಿದು ತೆಳ್ಳಗಾಗುತ್ತದೆ. ಮುಂಗೋಪಿ ಕರುಳಿಗೆ ಎರಡು ಗುಣ. ಒಂದು, ಈ ಹಿಂಡುವ ಕೆಲಸದ ಲಯ ತಪ್ಪುತ್ತದೆ. ಎರಡು, ಅಲ್ಲಿನ ನರಗಳು ಅತಿ ಸೂಕ್ಷ್ಮವಾಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ಕರುಳಲ್ಲಿ ಸೇರಿದರೂ ಇವರಿಗೆ ನುಲಿಯುವಂಥ ನೋವು. ಹೋಗಿ ಬಂದ ಮೇಲೆ ಬಹಳ ಜನಕ್ಕೆ ನೋವು ಸ್ವಲ್ಪ ಇಳಿಯುತ್ತದೆ. ಹಾಗೆ ಇಳಿಯುವುದು ಡಾಕ್ಟರಿಗೂ ಒಂದು ಸುಳಿವು.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರೆ ‘ಎಲ್ಲ ನಾರ್ಮಲ್’ ಎಂದು ಬರುತ್ತದೆ. ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ. ತೊಂದರೆ ಇರುವುದು ಅದು ಕೆಲಸ ಮಾಡುವ ರೀತಿಯಲ್ಲಿ. ರೇಡಿಯೋದ ತಂತಿ ಎಲ್ಲೂ ಕಡಿದಿಲ್ಲ, ಆದರೆ ಸ್ಟೇಷನ್ ಸರಿಯಾಗಿ ಕೂತಿಲ್ಲ, ಗೊರಗೊರ ಎನ್ನುತ್ತಿದೆ (ಈ ಹೋಲಿಕೆ ಅಜ್ಜಂದಿರಿಗೆ ಬೇಗ ತಿಳಿಯುತ್ತದೆ). ಆದರೆ ಆ ‘ನಾರ್ಮಲ್’ ಎಂಬ ಕಾಗದವೇ ಮನೆಯಲ್ಲಿ ದೊಡ್ಡ ಅನ್ಯಾಯಕ್ಕೆ ದಾರಿಯಾಗುತ್ತದೆ. ‘ರಿಪೋರ್ಟಿನಲ್ಲಿ ಏನೂ ಇಲ್ಲವಂತೆ, ಎಲ್ಲ ಅವನ ತಲೆಯೊಳಗೆ’, ‘ಶಾಲೆ ತಪ್ಪಿಸೋಕೆ ನೆಪ’, ‘ಅಮ್ಮನಿಗೆ ವಯಸ್ಸಾದ ಮೇಲೆ ಬರೀ ಹೊಟ್ಟೆ ಚಿಂತೆ’. ಮಗುವಿಗೂ ಮುದುಕರಿಗೂ ಇಂಥ ಮಾತು ನೋವಿಗಿಂತ ಹೆಚ್ಚು ನೋಯಿಸುತ್ತದೆ. ಆಮೇಲೆ ಅವರು ಹೇಳುವುದನ್ನೇ ಬಿಟ್ಟುಬಿಡುತ್ತಾರೆ.

ಮನಸ್ಸಿಗೂ ಹೊಟ್ಟೆಗೂ ಸಂಬಂಧ ಇಲ್ಲವೇ ಎಂದರೆ, ಇದೆ. ನಮ್ಮ ಭಾಷೆಗೆ ಇದು ಎಂದೋ ಗೊತ್ತು. ಅಸೂಯೆ ನಮ್ಮಲ್ಲಿ ಹೊಟ್ಟೆಕಿಚ್ಚು, ತಪ್ಪನ್ನು ಕ್ಷಮಿಸುವುದು ಹೊಟ್ಟೆಗೆ ಹಾಕಿಕೊಳ್ಳುವುದು, ಕನಿಕರ ಬಂದರೆ ಕರುಳು ಚುರುಕ್ ಎನ್ನುವುದು. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕಲಸಿದಂತಾಗುವುದು ಯಾರಿಗೆ ಗೊತ್ತಿಲ್ಲ? ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ, ಅವು ಮಿದುಳಿನ ಜೊತೆ ಹಗಲೂ ರಾತ್ರಿ ಸುದ್ದಿ ಕಳಿಸಿಕೊಳ್ಳುತ್ತಿರುತ್ತವೆ.

ಇದನ್ನು ಕಣ್ಣಾರೆ ಕಂಡ ಡಾಕ್ಟರೊಬ್ಬರ ಕಥೆ ಇದೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗಲಿತು. ವಿಲಿಯಂ ಬೋಮಾಂಟ್ ಎಂಬ ಸೇನೆಯ ಡಾಕ್ಟರು ಅವನನ್ನು ಉಳಿಸಿದರು. ಆದರೆ ಗಾಯ ಪೂರ್ತಿ ಮುಚ್ಚಲಿಲ್ಲ. ಹೊಟ್ಟೆಯ ಮೇಲೊಂದು ತೂತು ಹಾಗೆಯೇ ಉಳಿಯಿತು, ಒಳಗಿನ ಜಠರ ಕಾಣುವಂತೆ. ಬೋಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ಚೂರು, ಬ್ರೆಡ್ಡಿನ ಚೂರು ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡುತ್ತಿದ್ದರು! ಸೇಂಟ್ ಮಾರ್ಟಿನ್‌ಗೆ ಸಿಟ್ಟು ಬಂದಾಗ ಜಠರದ ಒಳಗಿನ ಬಣ್ಣವೂ ರಸವೂ ಬದಲಾಗುವುದನ್ನು ಅವರು ಕಂಡರು, 1833ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದರು. ಪಾಪ, ವರ್ಷಗಟ್ಟಲೆ ಹೊಟ್ಟೆಗೆ ದಾರ ಇಳಿಬಿಡಿಸಿಕೊಂಡವನಿಗೆ ಸಿಟ್ಟು ಬರದೆ ಇನ್ನೇನು. ಅವರು ನೋಡಿದ್ದು ಜಠರ, ನಮ್ಮ ಮಾತು ಕರುಳಿನದು. ಎರಡಕ್ಕೂ ಮಿದುಳಿನ ಸುದ್ದಿ ತಲುಪುವುದು ಮಾತ್ರ ಹೀಗೆಯೇ.

ಆದ್ದರಿಂದ ಮನಸ್ಸಿನ ಆತಂಕ ಮುಂಗೋಪಿ ಕರುಳನ್ನು ಕೆರಳಿಸುತ್ತದೆ, ಕೆರಳಿದ ಕರುಳು ಮತ್ತೆ ಆತಂಕ ಹೆಚ್ಚಿಸುತ್ತದೆ. ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಇದು ನಾಟಕ ಎಂದು ಅರ್ಥವಲ್ಲ. ಇನ್ನೊಂದು ಉದಾಹರಣೆ ನೋಡಿ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಎಂಬ ಚಿಕ್ಕ ಊರಿನ ಕುಡಿಯುವ ನೀರಿಗೆ ಸಗಣಿಯ ರೋಗಾಣು ಸೇರಿತು. ಏಳು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಬೇಧಿಯಿಂದ ನರಳಿದರು. ಡಾಕ್ಟರು ಆ ಊರಿನವರನ್ನು ವರ್ಷಾನುಗಟ್ಟಲೆ ಗಮನಿಸಿದರು. ಆಗ ಬೇಧಿ ಹಿಡಿದವರಲ್ಲಿ, ಮಕ್ಕಳೂ ಸೇರಿದಂತೆ, ಐಬಿಎಸ್ ಉಳಿದವರ ಪ್ರಮಾಣ ಬೇಧಿ ಆಗದವರಿಗಿಂತ ಹೆಚ್ಚಿತ್ತು. ರೋಗಾಣು ಹೋದ ಮೇಲೂ ಕರುಳು ಆ ಪೆಟ್ಟನ್ನು ಮರೆತಿರಲಿಲ್ಲ. ‘ಆ ಜಾತ್ರೆಯಲ್ಲಿ ತಿಂದ ಮೇಲೆ ಶುರುವಾದದ್ದು, ಇನ್ನೂ ಸರಿಹೋಗಿಲ್ಲ’ ಎಂದು ಯಾರಾದರೂ ಹೇಳಿದರೆ ಕತೆ ಎಂದು ತಳ್ಳಿಹಾಕಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಅಜ್ಜ ಅಜ್ಜಿ ಎರಡು ಸಲ ಓದಿಸಿಕೊಳ್ಳಬೇಕು. ಪದೇ ಪದೇ ಬೇಧಿ ಆದದ್ದೆಲ್ಲ ಐಬಿಎಸ್ ಅಲ್ಲ. ನಾಲ್ಕು ವಾರ ದಾಟಿದ ಬೇಧಿಯನ್ನು ಡಾಕ್ಟರಿಗೆ ತೋರಿಸಲೇಬೇಕು. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಜ್ವರ ಬರುತ್ತಿದ್ದರೆ, ಮುಖ ಬಿಳಿಚಿಕೊಂಡು ರಕ್ತ ಕಡಿಮೆಯಾಗಿದ್ದರೆ ಕಾಯಬೇಡಿ. ಗಾಢ ನಿದ್ದೆಯಿಂದ ಬೇಧಿಯೇ ಎಬ್ಬಿಸುತ್ತಿದ್ದರೆ ಅದೂ ಎಚ್ಚರಿಕೆಯ ಗಂಟೆ, ಯಾಕೆಂದರೆ ಮುಂಗೋಪಿ ಕರುಳು ಸಾಮಾನ್ಯವಾಗಿ ನಾವು ಮಲಗಿದಾಗ ತಾನೂ ಮಲಗುತ್ತದೆ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ, ಮಗು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿಲ್ಲ ಎನಿಸಿದರೆ, ಆಗಲೂ ಪರೀಕ್ಷೆ ಆಗಲೇಬೇಕು. ಕರುಳಿನ ಕ್ಷಯ, ಕರುಳಿನ ಉರಿಯೂತ, ಥೈರಾಯ್ಡ್ ಹೆಚ್ಚಾಗುವುದು, ಇವೆಲ್ಲ ಮೊದಮೊದಲು ಹೀಗೆಯೇ ಕಾಣಬಹುದು.

ಹಿರಿಯರ ಮಾತ್ರೆ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಬೇಕು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೆಲವರಿಗೆ ಬೇಧಿ ಮಾಡಿಸುತ್ತದೆ. ಹಾಗೆಂದು ಅದನ್ನು ನೀವೇ ನಿಲ್ಲಿಸಿಬಿಡಬೇಡಿ, ಸಕ್ಕರೆ ಏರುತ್ತದೆ. ಡಾಕ್ಟರಿಗೆ ಹೇಳಿದರೆ ಪ್ರಮಾಣ ತಗ್ಗಿಸಬಹುದು, ಅಥವಾ ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಾಯಿಸಬಹುದು. ಎದೆಯುರಿಗೆ ಕುಡಿಯುವ ಮೆಗ್ನೀಶಿಯಂ ಇರುವ ಔಷಧಿಯೂ ಸಡಿಲ ಮಾಡಿಸುತ್ತದೆ. ಪಿತ್ತಕೋಶ ತೆಗೆಸಿಕೊಂಡವರಿಗೆ ಪಿತ್ತರಸದಿಂದಲೇ ಬೇಧಿ ಬರಬಹುದು, ಅದಕ್ಕೆ ಬೇರೆಯೇ ಔಷಧಿ ಇದೆ. ಇನ್ನೊಂದು ವಿಚಿತ್ರ ಸಂಗತಿ ಕೇಳಿ. ವಯಸ್ಸಾದವರಲ್ಲಿ ಗಟ್ಟಿ ಮಲ ಕಟ್ಟಿಕೊಂಡು, ಅದರ ಪಕ್ಕದಿಂದ ನೀರಿನಂಥದ್ದು ಸೋರುವುದುಂಟು. ನೋಡಿದವರು ಬೇಧಿ ಎಂದುಕೊಂಡು ಬೇಧಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ, ಕಟ್ಟಿದ್ದು ಇನ್ನಷ್ಟು ಕಟ್ಟುತ್ತದೆ. ಅಂಗಡಿಯಿಂದ ತಂದ ‘ಲೂಸ್ ಮೋಷನ್ ಮಾತ್ರೆ’ಯನ್ನು ಮಕ್ಕಳಿಗಂತೂ ಡಾಕ್ಟರನ್ನು ಕೇಳದೆ ಕೊಡಲೇಬಾರದು.

ಡಾಕ್ಟರ ಹತ್ತಿರ ಏನು ಹೇಳುವುದು, ಹೇಗೆ ಹೇಳುವುದು ಎಂಬುದೇ ಬಹಳ ಜನರ ಸಂಕಟ. ‘ಸ್ವಲ್ಪ ಹೊಟ್ಟೆ ಸರಿ ಇಲ್ಲ’ ಎಂದರೆ ಅವರಿಗೆ ಏನು ತಿಳಿದೀತು? ಇದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಲೂಯಿಸ್ ಮತ್ತು ಹೀಟನ್ ಎಂಬ ಇಬ್ಬರು 1997ರಲ್ಲಿ ಒಂದು ಚಂದದ ಉಪಾಯ ಪ್ರಕಟಿಸಿದರು. ಮಲದ ರೂಪವನ್ನು ಏಳು ಬಗೆ ಮಾಡಿ ನಂಬರು ಕೊಟ್ಟರು. ಒಂದನೇ ನಂಬರು ಆಡಿನ ಹಿಕ್ಕೆಯಂತೆ ಬಿಡಿಬಿಡಿ ಉಂಡೆ. ಎರಡು, ಉಂಡೆಗಳೆಲ್ಲ ಅಂಟಿಕೊಂಡದ್ದು. ಮೂರು, ಮೇಲೆ ಬಿರುಕು ಬಿಟ್ಟದ್ದು. ನಾಲ್ಕು, ಸುಲಿದ ಬಾಳೆಹಣ್ಣಿನಂತೆ ನಯ. ಐದು, ಮೆತ್ತನೆಯ ತುಂಡುಗಳು. ಆರು, ಅಂಬಲಿಯಂತೆ. ಏಳು, ಬರೀ ನೀರು. ಮೂರು ನಾಲ್ಕು ಇದ್ದರೆ ಕ್ಷೇಮ. ನಗುತ್ತಿದ್ದೀರಿ ಅಲ್ಲವೇ? ನಗಿ. ಆದರೆ ಈ ನಂಬರಿನಿಂದ ಎಂಥ ಅನುಕೂಲ ನೋಡಿ. ನೆಂಟರು ಬಂದು ಕೂತಿರುವಾಗಲೂ ಮೊಮ್ಮಗ ಅಜ್ಜಿಯ ಕಿವಿಯಲ್ಲಿ ‘ಅಜ್ಜೀ, ಇವತ್ತು ಆರು’ ಎನ್ನಬಹುದು, ಅಜ್ಜಿ ‘ನಂದೂ ಐದು ಕಣೋ’ ಎನ್ನಬಹುದು. ಮಿಕ್ಕವರು ಕ್ರಿಕೆಟ್ ಸ್ಕೋರು ಎಂದುಕೊಳ್ಳುತ್ತಾರೆ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ. ತಿಂದದ್ದೇನು, ಎಷ್ಟು ಹೊತ್ತಿಗೆ, ನಂಬರು ಎಷ್ಟು, ನೋವಿತ್ತೇ, ಅಂದು ಮನಸ್ಸು ಹೇಗಿತ್ತು. ಆ ನೋಟ್‌ಬುಕ್ಕನ್ನೇ ಡಾಕ್ಟರ ಮುಂದಿಡಿ, ಬಾಯಿಬಿಟ್ಟು ಹೇಳುವ ಮುಜುಗರ ಅರ್ಧ ತಪ್ಪಿತು.

ಊಟದ ವಿಷಯಕ್ಕೆ ಬಂದರೆ ಪ್ರತಿಯೊಬ್ಬರೂ ಒಂದೊಂದು ಸಲಹೆ ಕೊಡುತ್ತಾರೆ. ಎಲ್ಲವನ್ನೂ ಕೇಳಿದರೆ ಕೊನೆಗೆ ಗಂಜಿಯೊಂದೇ ಉಳಿಯುತ್ತದೆ. ಹೀಗೆ ಒಂದೊಂದಾಗಿ ಬಿಡುತ್ತಾ ಹೋಗಿ ಸೊರಗಿದವರಿದ್ದಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನ್ಯಾಶ್ ವಿಶ್ವವಿದ್ಯಾಲಯದವರು ಇದನ್ನು ಕ್ರಮವಾಗಿ ನೋಡಿದರು. ಕೆಲವು ಬಗೆಯ ಸಕ್ಕರೆ ಮತ್ತು ಪಿಷ್ಟದ ಅಂಶ ಸಣ್ಣ ಕರುಳಲ್ಲಿ ಪೂರ್ತಿ ಹೀರಲ್ಪಡದೆ ಅಲ್ಲಿ ನೀರು ಸೆಳೆದು, ಆಮೇಲೆ ದೊಡ್ಡ ಕರುಳಿಗೆ ಹೋಗಿ ಹುಳಿತು ಗಾಳಿ ಎಬ್ಬಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಹಾಲು, ಸೇಬು, ಮಾವಿನ ಹಣ್ಣು, ಇವೆಲ್ಲ ಆ ಪಟ್ಟಿಯಲ್ಲಿವೆ. ಅವರ ಕ್ರಮದಲ್ಲಿ ಎರಡರಿಂದ ಆರು ವಾರ ಇವನ್ನು ತಗ್ಗಿಸಿ, ಆಮೇಲೆ ಒಂದೊಂದನ್ನೇ ವಾಪಸ್ಸು ತಂದು, ಯಾವುದು ತನಗೆ ಆಗದು ಎಂದು ಕಂಡುಕೊಳ್ಳಬೇಕು. ವಾಪಸ್ಸು ತರುವುದು ಮುಖ್ಯ. ಅದನ್ನೇ ಜನ ಮರೆಯುತ್ತಾರೆ. ಬೆಳೆಯುವ ಮಕ್ಕಳಿಗೆ ಇದನ್ನು ಆಹಾರ ತಜ್ಞರ ನೆರವಿಲ್ಲದೆ ಮಾಡಬಾರದು.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ದಾರಿಗಳು ಆಗಲೇ ಇವೆ. ಅಕ್ಕಿ ಬಹುತೇಕರಿಗೆ ಒಗ್ಗುತ್ತದೆ. ಅನ್ನ, ಅಕ್ಕಿರೊಟ್ಟಿ, ಅಕ್ಕಿ ಶಾವಿಗೆ, ಅವಲಕ್ಕಿ, ಇವಕ್ಕೆಲ್ಲ ಭಯಪಡಬೇಕಿಲ್ಲ. ಹಾಲು ಆಗದವರಲ್ಲಿ ಎಷ್ಟೋ ಜನರಿಗೆ ಮೊಸರು, ಮಜ್ಜಿಗೆ ಆಗುತ್ತದೆ, ಹೆಪ್ಪಾಗುವಾಗ ಹಾಲಿನ ಸಕ್ಕರೆ ಒಂದಿಷ್ಟು ಕರಗಿರುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವ ಅಜ್ಜಿಯರ ಪದ್ಧತಿ ಬರೀ ಶಾಸ್ತ್ರವಲ್ಲ, ಗಾಳಿ ಎಬ್ಬಿಸುವ ಅಂಶ ಆ ನೀರಿನೊಂದಿಗೆ ಸ್ವಲ್ಪ ಹೋಗುತ್ತದೆ. ಬೆಳ್ಳುಳ್ಳಿ ಬಿಟ್ಟವರು ಒಗ್ಗರಣೆಗೆ ಇಂಗು ಹಾಕಿ ರುಚಿ ಉಳಿಸಿಕೊಳ್ಳಬಹುದು. ಆದರೆ ಅಂಗಡಿಯ ಇಂಗಿನ ಪುಡಿಗೆ ಹೆಚ್ಚಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ, ಡಬ್ಬಿಯ ಮೇಲೆ ಓದಿ ನೋಡಿ. ಬೆಳಗಿನ ಸ್ಟ್ರಾಂಗ್ ಕಾಫಿ ಕರುಳಿಗೆ ಚಾಟಿ ಬೀಸಿದಂತೆ, ಹೊರಗೆ ಹೋಗುವ ದಿನ ಅರ್ಧ ಲೋಟಕ್ಕೆ ಇಳಿಸಿ. ಇದನ್ನು ಬರೆಯುವಾಗ ನನಗೇ ಕಷ್ಟವಾಯಿತು. ಮಕ್ಕಳೇ, ‘ಶುಗರ್ ಫ್ರೀ’ ಎಂದು ಬರೆದ ಚೂಯಿಂಗ್ ಗಮ್‌ನಲ್ಲಿ ಸಾರ್ಬಿಟಾಲ್ ಎಂಬ ಸಿಹಿ ಇರುತ್ತದೆ. ನಾಲ್ಕೈದು ಅಗಿದರೆ ಒಳ್ಳೆಯ ಹೊಟ್ಟೆಯೂ ಕೆಡುತ್ತದೆ.

ಬೇಧಿ ಜೋರಾದ ದಿನ ಮೊದಲ ಕೆಲಸ, ಹೋದ ನೀರನ್ನೂ ಉಪ್ಪನ್ನೂ ತುಂಬುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಗ್ಲೂಕೋಸ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಾಲನೊಬಿಸ್ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಇವತ್ತಿನ ಓಆರ್‌ಎಸ್ ಪ್ಯಾಕೆಟ್ಟಿನ ಹಿಂದೆ ಆ ಕಥೆ ಇದೆ. ಪ್ಯಾಕೆಟ್ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಮಾಡದೆ ಸಮಕ್ಕೆ ಅಳೆಯಬೇಕು. ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇರುವ ಹಿರಿಯರು ತಮಗೆ ಎಷ್ಟು ಎಂದು ಮೊದಲೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಲಿ.

ಔಷಧಿಗಳೂ ಇವೆ. ಇಸಬ್ಗೋಲ್ ಹೊಟ್ಟು ನೀರು ಹೀರಿ ತೆಳ್ಳಗಿರುವುದನ್ನು ಒಂದು ಹದಕ್ಕೆ ತರುತ್ತದೆ, ಸ್ವಲ್ಪದಿಂದ ಶುರುಮಾಡಬೇಕು. ಡಾಕ್ಟರು ಕೆಲವೊಮ್ಮೆ ಖಿನ್ನತೆಗೆ ಕೊಡುವ ಮಾತ್ರೆಯನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಬರೆಯುತ್ತಾರೆ. ಮೆಡಿಕಲ್ ಶಾಪಿನವರು ಅದನ್ನು ನೋಡಿ ಏನೋ ಅಂದರು ಎಂದು ಮಾತ್ರೆ ಎಸೆದವರನ್ನು ಕೇಳಿದ್ದೇನೆ. ಆ ಪ್ರಮಾಣದಲ್ಲಿ ಅದರ ಕೆಲಸ ಕರುಳಿನ ನರಗಳನ್ನು ಶಾಂತ ಮಾಡುವುದು. ನಿಮಗೆ ಹುಚ್ಚು ಎಂದು ಯಾರೂ ಬರೆದುಕೊಟ್ಟಿಲ್ಲ.

ಇನ್ನು ಮನೆಯಿಂದ ಹೊರಗೆ ಕಾಲಿಡುವ ಮಾತು. ಊಟವಾದ ಸ್ವಲ್ಪ ಹೊತ್ತಿಗೇ ದೊಡ್ಡ ಕರುಳು ಚುರುಕಾಗುವುದು ಎಲ್ಲರ ದೇಹದ ನಿಯಮ, ಬೆಳಿಗ್ಗೆಯಂತೂ ಇನ್ನೂ ಹೆಚ್ಚು. ಶಾಲೆಯ ಬಸ್ಸು ಎಂಟಕ್ಕೆ ಎಂದರೆ ಏಳೂಮುಕ್ಕಾಲಿಗೆ ತಿಂಡಿ ತುರುಕಿದರೆ ಆ ನಿಯಮ ಬಸ್ಸಿನಲ್ಲೇ ಜಾರಿಗೆ ಬರುತ್ತದೆ. ಒಂದು ಗಂಟೆ ಮುಂಚೆ ಏಳಿಸಿ, ಬೇಗ ತಿನ್ನಿಸಿ, ಆಮೇಲೆ ಅವಸರಪಡಿಸದೆ ಕಕ್ಕಸಿನಲ್ಲಿ ಕೂರಲು ಬಿಡಿ. ಹೊರಗಿನಿಂದ ‘ಆಯ್ತೇನೋ, ಆಯ್ತೇನೋ’ ಎಂದು ಬಾಗಿಲು ಬಡಿಯಬೇಡಿ. ಪ್ರಯಾಣದ ದಿನ ಏನೂ ತಿನ್ನದೆ ಹೊರಡುವವರಿದ್ದಾರೆ. ಅವರು ಸಂಜೆ ಹಸಿದು ಒಟ್ಟಿಗೆ ತಿಂದು ರಾತ್ರಿ ಪಡುವ ಪಾಡು ಇನ್ನೂ ಕೆಟ್ಟದ್ದು. ಸ್ವಲ್ಪಸ್ವಲ್ಪ, ಒಗ್ಗಿದ್ದನ್ನೇ ತಿನ್ನಿ.

ಒಂದು ಚಿಕ್ಕ ಚೀಲ ಸಿದ್ಧವಿರಲಿ. ಒಂದು ಜೊತೆ ಒಳ ಉಡುಪು, ಒಂದು ಪ್ಯಾಂಟು ಅಥವಾ ಲಂಗ, ಟಿಶ್ಯೂ, ಪೇಪರ್ ಸೋಪು, ಒದ್ದೆ ಬಟ್ಟೆಗೆ ಒಂದು ಕವರ್, ಓಆರ್‌ಎಸ್ ಪ್ಯಾಕೆಟ್, ನೀರಿನ ಬಾಟಲಿ. ಬಹಳ ದಿನ ಅದನ್ನು ತೆರೆಯುವ ಸಂದರ್ಭವೇ ಬರುವುದಿಲ್ಲ. ಚೀಲ ಜೊತೆಗಿದೆ ಎಂದು ಗೊತ್ತಾದರೆ ಸಾಕು, ಮನಸ್ಸು ಅಷ್ಟು ಹೆದರುವುದಿಲ್ಲ, ಕರುಳೂ ಅಷ್ಟು ಅವಸರ ಮಾಡುವುದಿಲ್ಲ. ದೂರದ ಊರಿಗಾದರೆ ಬಸ್ಸಿಗಿಂತ ರೈಲು ಮೇಲು, ಸೇನ್ ಅವರ ಪುಣ್ಯ! ಬಸ್ಸೇ ಗತಿಯಾದರೆ ಹತ್ತುವಾಗಲೇ ಕಂಡಕ್ಟರಿಗೆ ಒಂದು ಮಾತು ಹೇಳಿಡಿ. ಕಾರಿನಲ್ಲಿ ಹೊರಟವರು ಪೆಟ್ರೋಲ್ ಬಂಕ್‌ಗಳನ್ನು ಗಮನದಲ್ಲಿಟ್ಟುಕೊಳ್ಳಿ, ಗ್ರಾಹಕರಿಗೆ ಅಲ್ಲಿ ಶೌಚಾಲಯ ಇರಬೇಕೆಂಬ ನಿಯಮವಿದೆ. ಮದುವೆ ಮನೆಗೆ ಅಜ್ಜಿಯನ್ನು ಕರೆದುಕೊಂಡು ಹೋಗುವುದಾದರೆ ಮೊಮ್ಮಕ್ಕಳೇ, ಛತ್ರಕ್ಕೆ ಹೋದ ಕೂಡಲೇ ನೀವು ಓಡಿ ಕಕ್ಕಸು ಎಲ್ಲಿದೆ, ನೀರು ಬರುತ್ತದೆಯೇ, ಚಿಲಕ ಬೀಳುತ್ತದೆಯೇ ನೋಡಿ ಬಂದು ಅಜ್ಜಿಗೆ ಹೇಳಿ. ಆ ಕಡೆಯ ಸಾಲಿನಲ್ಲೇ ಕುರ್ಚಿ ಹಿಡಿಯಿರಿ. ಅವರಿಗೆ ಮಂಡಿ ನೋವು ಅರ್ಧ ಕಡಿಮೆಯಾಗುತ್ತದೆ.

ಶಾಲೆಯ ಕಥೆ ಬೇರೆ. ಅಲ್ಲಿನ ಕಕ್ಕಸಿಗೆ ಹೋಗಲು ಹೇಸಿ ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುವ, ಅದಕ್ಕಾಗಿ ನೀರನ್ನೇ ಕುಡಿಯದ ಮಕ್ಕಳು ಎಷ್ಟೋ ಜನ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಾಲಯ ಇರಲೇಬೇಕು. ಇದ್ದರೂ ಬೀಗ ಹಾಕಿದ್ದರೆ, ನೀರಿಲ್ಲದಿದ್ದರೆ ಏನು ಬಂತು? ಅಜ್ಜಂದಿರೇ, ನಿಮಗೆ ಹೊತ್ತಿದೆ, ಮಾತಿಗೆ ತೂಕವೂ ಇದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯವರನ್ನು ಕಂಡು ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ವಿಚಾರಿಸಿ.

ಕೇಳುವುದರಿಂದ ಏನಾಗುತ್ತದೆ ಎನ್ನುವವರಿಗೆ ಆಲಿ ಬೇನ್ ಎಂಬ ಹುಡುಗಿಯ ವಿಷಯ ಹೇಳುತ್ತೇನೆ. ಅಮೆರಿಕದ ಇಲಿನಾಯ್ ರಾಜ್ಯದವಳು. ಅವಳಿಗಿದ್ದದ್ದು ಕ್ರೋನ್ಸ್ ಎಂಬ ಕರುಳಿನ ಉರಿಯೂತ, ಐಬಿಎಸ್‌ಗಿಂತ ಬೇರೆಯಾದ ಕಾಯಿಲೆ. ಹದಿನಾಲ್ಕರ ವಯಸ್ಸಿನಲ್ಲಿ ಒಂದು ಅಂಗಡಿಯಲ್ಲಿ ಅವಳಿಗೆ ತಡೆಯಲಾಗದೆ, ಕೆಲಸಗಾರರ ಟಾಯ್ಲೆಟ್ ಬಳಸಲು ಕೇಳಿದಳು. ಬಿಡಲಿಲ್ಲ. ಎಲ್ಲರೆದುರು ಬಟ್ಟೆ ಕೆಟ್ಟಿತು. ಅವಳೂ ಅವಳ ತಾಯಿಯೂ ಶಾಸಕಿಯೊಬ್ಬರ ಬಳಿಗೆ ಹೋದರು. 2005ರಲ್ಲಿ ಆ ರಾಜ್ಯ ಕಾನೂನನ್ನೇ ಮಾಡಿತು. ಇಂಥ ಕಾಯಿಲೆ ಇರುವವರಿಗೆ ಅಂಗಡಿಯವರು ತಮ್ಮ ಟಾಯ್ಲೆಟ್ ಬಳಸಲು ಬಿಡಬೇಕು. ಆ ಪಟ್ಟಿಯಲ್ಲಿ ಐಬಿಎಸ್ ಕೂಡ ಇದೆ. ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು. ಇಂದಿಗೂ ಅದನ್ನು ‘ಆಲಿಯ ಕಾನೂನು’ ಎಂದೇ ಕರೆಯುತ್ತಾರೆ.

ನಮಗೆ ಕಾನೂನು ಬೇಕಿಲ್ಲ, ಒಂದು ಚೀಟಿ ಸಾಕು. ಮನೆಯ ಹಿರಿಯರು ಹೀಗೆ ಬರೆಯಬಹುದು: ‘ಮಾನ್ಯ ಗುರುಗಳಿಗೆ ನಮಸ್ಕಾರ. ನಮ್ಮ ಮಗುವಿಗೆ ಕರುಳಿನ ತೊಂದರೆ ಇದೆ, ಡಾಕ್ಟರು ನೋಡುತ್ತಿದ್ದಾರೆ. ಅವಸರವಾದಾಗ ತಡೆದುಕೊಳ್ಳಲು ಆಗುವುದಿಲ್ಲ. ಇಡೀ ಕ್ಲಾಸಿನ ಮುಂದೆ ಕೇಳದೆ, ನಿಮಗೆ ಸನ್ನೆ ಮಾಡಿ ಎದ್ದು ಹೋಗಲು ದಯವಿಟ್ಟು ಅವಕಾಶ ಕೊಡಿ. ಬಾಗಿಲ ಹತ್ತಿರದ ಬೆಂಚು ಕೊಟ್ಟರೆ ಉಪಕಾರ.’ ಡಾಕ್ಟರ ಸಹಿ ಇದ್ದರೆ ಇನ್ನೂ ಒಳ್ಳೆಯದು. ಸನ್ನೆ ಏನೆಂದು ಮೇಷ್ಟ್ರೂ ಮಗುವೂ ಸೇರಿ ನಿಶ್ಚಯಿಸಲಿ. ಕೆಂಪು ಪೆನ್ಸಿಲನ್ನು ಬೆಂಚಿನ ತುದಿಗೆ ಇಡುವುದು ಸಾಕು, ಯಾರಿಗೂ ತಿಳಿಯುವುದಿಲ್ಲ. ಪಕ್ಕದ ಬೆಂಚಿನವರೇ, ನಿಮಗೆ ತಿಳಿದರೂ ತಿಳಿಯದವರಂತೆ ಇರಿ. ಗೆಳೆಯ ವಾಪಸ್ಸು ಬಂದಾಗ ಎಲ್ಲಿವರೆಗೆ ಪಾಠ ಆಯಿತು ಎಂದು ತೋರಿಸಿ, ಅಷ್ಟೇ.

ಡಿಸೆಂಬರ್ ಬಂತೆಂದರೆ ಶಾಲೆಯ ಪ್ರವಾಸಗಳು ಶುರು. ಚೀಟಿಯನ್ನು ಹೊರಡುವ ಹಿಂದಿನ ದಿನ ಕೊಡಬೇಡಿ. ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು, ಬಸ್ಸು ಎಲ್ಲೆಲ್ಲಿ ನಿಲ್ಲಬೇಕು ಎಂದು ಮೇಷ್ಟ್ರು ಪಟ್ಟಿ ಮಾಡುವುದಕ್ಕೆ ಮುಂಚೆಯೇ ಕೊಟ್ಟುಬಿಡಿ.